ಸ್ಟೋರಣ್ಣ ಕಲಿಸಿದ ಇಂಗ್ಲಿಷು, ತೀರಿಸಿಕೊಟ್ಟ ಸೇಡು

ಅವರ ನಾಲಿಗೆಯ ತುದಿ ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ಮೊದಲ ಸಲ ನೋಡಿದವರು ಈಗಷ್ಟೇ ನೇರಳೆ ಹಣ್ಣು ತಿಂದು ಬಂದಿದ್ದಾರೆ ಎಂದುಕೊಳ್ಳಬೇಕು. ಆದರೆ ದೀಪಾವಳಿಗೂ ಅದೇ ಬಣ್ಣ, ಯುಗಾದಿಗೂ ಅದೇ ಬಣ್ಣ. ಅದು ಕಾಪಿಯಿಂಗ್ ಪೆನ್ಸಿಲ್ಲಿನದು. ಒದ್ದೆ ಮಾಡಿ ಬರೆದರೆ ಶಾಯಿಯಂತೆ ಅಚ್ಚಾಗಿ ಕೂರುವ, ರಬ್ಬರಿಗೆ ಅಳಿಸದ ಪೆನ್ಸಿಲ್ಲು. ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ತು ವರ್ಷ ಅದನ್ನು ನಾಲಿಗೆಗೆ ಮುಟ್ಟಿಸಿ ಬರೆದವರು, ರಿಟೈರಾದ ಮೇಲೂ ಪೆನ್ಸಿಲ್ಲನ್ನು ಬಿಡಲಿಲ್ಲ. ಹಾಗಾಗಿ ಬಣ್ಣವೂ ಬಿಡಲಿಲ್ಲ. ಜನ್ನಾಪುರದಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಸ್ಟೋರಣ್ಣ.

ಇದು ಅವರ ಬಗ್ಗೆ ಬರೆಯುತ್ತಿರುವುದು. ಆದರೆ ನನ್ನ ಮೊಮ್ಮಗಳ ವಿಷಯ ಹೇಳದೆ ಕೈ ಮುಂದೆ ಹೋಗುತ್ತಿಲ್ಲ. ಅವಳು ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಿದ್ದಾಳೆ. ಇಂಗ್ಲಿಷಿನಲ್ಲಿ ಅವಳಷ್ಟು ಅಂಕ ಆ ಶಾಲೆಯಲ್ಲಿ ಇದುವರೆಗೆ ಯಾರಿಗೂ ಬಂದಿಲ್ಲವಂತೆ. ಫಲಿತಾಂಶದ ದಿನ ಗಿರಣಿಗೆ ಬಂದವರಿಗೆಲ್ಲ ಹಿಟ್ಟಿನ ಕೈಯಲ್ಲೇ ಮೈಸೂರುಪಾಕು ಹಂಚಿದೆ. ಪರಿಚಯವಿಲ್ಲದ ಒಬ್ಬ ಸೈಕಲ್ಲಿನಲ್ಲಿ ಹೋಗುತ್ತಿದ್ದವನನ್ನೂ ನಿಲ್ಲಿಸಿ ತಿನ್ನಿಸಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇಷ್ಟು ಸಂತೋಷವನ್ನು ಎಲ್ಲಿಡಬೇಕು ಎಂದೇ ತಿಳಿಯುತ್ತಿಲ್ಲ. ಆ ಸಂತೋಷದ ಒಳಗೆ ಒಂದು ಹಳೆಯ ಸಿಟ್ಟೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮದು ಜನ್ನಾಪುರದಲ್ಲಿ ಹಿಟ್ಟಿನ ಗಿರಣಿ. ಸ್ಟೋರಣ್ಣನ ಮನೆ ಅದರ ಹಿಂದುಗಡೆ. ಅವರು ರಾಗಿ ಡಬ್ಬಿ ತಂದರೆ ಅದರ ಹಿಡಿಗೆ ದಾರದಲ್ಲಿ ಒಂದು ರಟ್ಟಿನ ಚೀಟಿ ನೇತಾಡುತ್ತಿತ್ತು: ಒಳಗೆ ಏನಿದೆ, ಎಷ್ಟಿದೆ, ಯಾವತ್ತು ತಂದದ್ದು. ಅವರ ಅಡುಗೆಮನೆಯಲ್ಲೂ ಪ್ರತಿ ಡಬ್ಬಿಗೂ ಅಂಥದ್ದೇ ಚೀಟಿ. ಉಪ್ಪಿಗೂ ಒಂದು, ಸಾಸಿವೆಗೂ ಒಂದು. ಅವರ ಹೆಂಡತಿ, ನನ್ನ ಕೊರಳಿಗೂ ಒಂದು ಕಟ್ಟಿಬಿಡಿ, ಯಾವತ್ತು ತಂದದ್ದು ಅಂತ ಮರೆತುಹೋದೀತು ಎಂದು ರೇಗಿಸಿದರೆ, ಮುಖ ನೋಡದೆಯೇ, "ಅವತ್ತೇ ಕಟ್ಟಿದೀನಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಅವರ ಕೆಲಸದ ದಿನಗಳ ಒಂದು ಕಥೆಯನ್ನು ಕಾರ್ಖಾನೆಯ ಜನ ಬಹಳ ಸಲ ಹೇಳುತ್ತಿದ್ದರು. ದೊಡ್ಡ ಎಂಜಿನಿಯರೊಬ್ಬರು ಕೈಗವಸು ಬೇಕೆಂದು ಖುದ್ದಾಗಿ ಸ್ಟೋರಿಗೆ ಬಂದರಂತೆ. ಬೇಡಿಕೆ ಚೀಟಿ ತಂದಿರಲಿಲ್ಲ. ಇವರು ಕೊಡಲಿಲ್ಲ. ನಾನು ಯಾರು ಗೊತ್ತೇನ್ರೀ ಎಂದು ಅವರು ಕೇಳಿದ್ದಕ್ಕೆ ಇವರು ಎದ್ದು ನಿಂತು ಕೈಮುಗಿದು, ನನಗೆ ಗೊತ್ತು ಸಾರ್, ನನ್ನ ಪುಸ್ತಕಕ್ಕೆ ಗೊತ್ತಿಲ್ಲ ಎಂದರಂತೆ. ಎಂಜಿನಿಯರು ಹೋಗಿ ಚೀಟಿ ಬರೆದುಕೊಂಡು ಬಂದರು. ಆಮೇಲೆ ಇವರು ಗವಸು ಕೊಟ್ಟದ್ದಲ್ಲದೆ ಚಹಾವನ್ನೂ ತರಿಸಿಕೊಟ್ಟರು.

ಇನ್ನು ನನ್ನ ಸಿಟ್ಟಿನ ವಿಷಯ. ಹತ್ತು ವರ್ಷದ ಹಿಂದಿನ ಮಾತು. ಮಗಳು ಎರಡನೇ ಹೆರಿಗೆಗೆ ನಮ್ಮ ಮನೆಗೆ ಬಂದು, ಎರಡನೆಯ ಕೂಸು ಹುಟ್ಟಿ ಹದಿನೈದು ದಿನವಾಗಿತ್ತು. ಅಳಿಯನಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ರವೀಂದ್ರನಗರದಲ್ಲಿ ಬಾಡಿಗೆ ಮನೆ. ಅಲ್ಲಿಗೆ ನಡೆದುಹೋಗುವಷ್ಟು ಹತ್ತಿರದ ಒಂದು ಇಂಗ್ಲಿಷ್ ಶಾಲೆಗೆ ದೊಡ್ಡವಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಅರ್ಜಿ ಹಾಕಿದ್ದರು. ಶಾಲೆಯ ಹೆಸರು ಬರೆಯಲು ಕೈ ತುರಿಸುತ್ತದೆ. ಬರೆಯುವುದಿಲ್ಲ; ಅಲ್ಲಿ ಒಳ್ಳೆಯ ಟೀಚರುಗಳೂ ಇದ್ದಾರೆ ಎಂದು ಮೊಮ್ಮಗಳು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಇಂಟರ್‌ವ್ಯೂ ದಿನ ಮದುವೆ ಸೀಸನ್ನಿನ ವ್ಯಾಪಾರ, ಅಳಿಯನಿಗೆ ಬಿಡುವು ಸಿಗಲಿಲ್ಲ. ನಾನೇ ಮಗುವಿನ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಬಸ್ಸು ಹತ್ತಿಸಿದೆ.

ಅಲ್ಲಿ ಮೊದಲು ಒಬ್ಬ ಟೀಚರು ಮಗುವನ್ನು ಪರೀಕ್ಷೆ ಮಾಡಿದರು. ಅವಳು ಬಣ್ಣಗಳ ಹೆಸರು ಹೇಳಿದಳು, ನೂರರವರೆಗೆ ಎಣಿಸಿದಳು, ಕೈ ಆಡಿಸಿಕೊಂಡು ಪದ್ಯ ಹೇಳಿದಳು. ಟೀಚರು ಅವಳ ಕೆನ್ನೆ ಹಿಂಡಿ, ಕಾಗದದ ಮೇಲೆ ಪಾಸು ಎಂದು ಗುರುತು ಹಾಕಿ, ನಮ್ಮಿಬ್ಬರನ್ನೂ ದೊಡ್ಡ ಮೇಡಂ ಕೋಣೆಗೆ ಕಳಿಸಿದರು. ಮೇಡಂ ನನ್ನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮನೆಯಲ್ಲಿ ಎಷ್ಟು ಮಕ್ಕಳು ಅಂತಿರಬೇಕು ಎಂದು ಊಹಿಸಿ, ಗಿರಣಿಯಲ್ಲಿ ಕಿವಿಗೆ ಬಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ಟೂ ಚಿಲ್ಡ್ರನ್ಸ್ ಎಂದೆ. ಮೇಡಂ ನಕ್ಕರು. ನಗಲಿ, ನಾನೂ ಎಷ್ಟೋ ಜನರ ಕನ್ನಡ ಕೇಳಿ ನಕ್ಕಿದ್ದೇನೆ. ಆದರೆ ಅವರು ಪಕ್ಕದಲ್ಲಿದ್ದ ಗುಮಾಸ್ತನ ಕಡೆ ತಿರುಗಿ ಆ ಮಾತನ್ನು ನನ್ನ ಧ್ವನಿಯಲ್ಲೇ ಇನ್ನೊಂದು ಸಲ ಆಡಿ ತೋರಿಸಿದರು. ಅವನೂ ನಕ್ಕ. ಆಮೇಲೆ ಮಗುವಿನ ಎದುರಿಗೇ, ಅದಕ್ಕೆ ಅರ್ಥವಾಗುವ ಕನ್ನಡದಲ್ಲೇ ಹೇಳಿದರು.

"ಮನೇಲಿ ಇಂಥ ಇಂಗ್ಲಿಷ್ ಕೇಳ್ಕೊಂಡು ಬೆಳೆದ ಮಗು ನಮ್ಮ ಸ್ಟ್ಯಾಂಡರ್ಡಿಗೆ ಬರಲ್ಲ. ಬೇರೆ ಕಡೆ ನೋಡ್ಕೊಳ್ಳಿ."

ಬಸ್ಸಿನಲ್ಲಿ ಮಗು ಕಿಟಕಿ ಕಡೆ ಮುಖ ಮಾಡಿ, ನಾನು ಪದ್ಯ ತಪ್ಪು ಹೇಳಿದ್ನಾ ಅಜ್ಜಿ ಎಂದು ಕೇಳಿತು. ಇಲ್ಲ ಎಂದರೆ ನಂಬಲಿಲ್ಲ. ಅವತ್ತಿನಿಂದ ಅದು ಪದ್ಯ ಹೇಳುವುದನ್ನು ಬಿಟ್ಟಿತು. ಗಿರಣಿಗೆ ಯಾರಾದರೂ ಬಂದು ಏನು ಪುಟ್ಟಿ ಎಂದು ಮಾತಾಡಿಸಿದರೆ ಚೀಲಗಳ ಹಿಂದೆ ಹೋಗಿ ನಿಲ್ಲುತ್ತಿತ್ತು. ಅಳಿಯ, ಬಿಡಿ ಅತ್ತೆ, ಬೇರೆ ಶಾಲೆ ಇಲ್ವಾ ಎಂದ. ಇದ್ದವು. ಆದರೆ ನನಗೆ ಅದೇ ಶಾಲೆ ಬೇಕಿತ್ತು, ಅದೇ ಬಾಗಿಲಲ್ಲಿ ಮಗು ಒಳಗೆ ಹೋಗುವುದನ್ನು ಅದೇ ಹೆಂಗಸು ನೋಡಬೇಕಿತ್ತು.

ಮರುದಿನ ಸ್ಟೋರಣ್ಣ ಡಬ್ಬಿ ಹಿಡಿದು ಬಂದಾಗ ನಾನು ಮುಚ್ಚುಮರೆ ಇಲ್ಲದೆ ಕೇಳಿದೆ: ಒಬ್ಬ ಹೆಂಗಸನ್ನು ಇಂಗ್ಲಿಷಿನಲ್ಲಿ ಬೈಯಬೇಕು, ಅದಕ್ಕೆ ಎಷ್ಟು ಬೇಕೋ ಅಷ್ಟು ಇಂಗ್ಲಿಷು ಕಲಿಸಿಕೊಡಿ. ಮೇಡಂ ನಕ್ಕಿದ್ದನ್ನೂ ಹೇಳಿದೆ. ಸೀಟು ಸಿಗಲಿಲ್ಲ ಎಂದೂ ಹೇಳಿದೆ. ಅವರು ನಗಲಿಲ್ಲ. "ಬೈಯೋದಾದ್ರೆ ತಪ್ಪಿಲ್ದಂಗೆ ಬೈಬೇಕು ತಂಗಿ. ತಪ್ಪಿದ್ರೆ ಬೈಗುಳ ನಮ್ಮ ಮನೆಗೇ ವಾಪಸ್ ಬರುತ್ತೆ" ಎಂದರು.

ಆಗ ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆ ಕರೆಂಟು ತೆಗೆಯುತ್ತಿದ್ದರು. ಗಿರಣಿ ನಿಂತರೆ ನನ್ನ ಪಾಠ ಶುರು. ಹಿಟ್ಟು ಕೂತ ಹಲಗೆಯೇ ಸ್ಲೇಟು, ಬೆರಳೇ ಬಳಪ. ಸ್ಟೋರಣ್ಣ ವ್ಯಾಕರಣ ಓದಿದವರಲ್ಲ. ಇಂಗ್ಲಿಷಿನವರು ಹುಟ್ಟಾ ಸ್ಟೋರ್ ಕೀಪರುಗಳು, ಅವರ ಭಾಷೆಯೂ ಒಂದು ಸ್ಟೋರೇ, ಯಾವ ವಸ್ತು ಯಾವ ಖಾನೆಯಲ್ಲಿದೆ ಎಂದು ಗೊತ್ತಾದರೆ ಮುಗಿಯಿತು ಎನ್ನುವುದು ಅವರ ನಂಬಿಕೆ.

ಮೊದಲನೇ ಖಾನೆ, ಎಣಿಸಿ ಕೊಡುವ ಸಾಮಾನು. ಒಂದಾದರೆ ಟಿನ್, ಹತ್ತಾದರೆ ಟಿನ್ಸ್. ನಾನು ಅಲ್ಲೇ ತಕರಾರು ತೆಗೆದೆ. ನಾವು ಹತ್ತು ಡಬ್ಬಿ ಅಂತೀವಿ, ನಾಲ್ಕು ಚೀಲ ಅಂತೀವಿ, ಹತ್ತು ಅಂದಮೇಲೆ ಒಂದಕ್ಕಿಂತ ಹೆಚ್ಚಿದೆ ಅಂತ ಅವರಿಗೆ ಗೊತ್ತಾಗಲ್ವಾ, ಮತ್ತೆ ಯಾಕೆ ಬಾಲ ಎಂದೆ. ಅವರಿಗೆ ಅನುಮಾನ ಜಾಸ್ತಿ, ಎರಡೆರಡು ಕಡೆ ಬರೆಸ್ತಾರೆ ಎಂದರು.

ಎರಡನೇ ಖಾನೆ, ಜೋಡಿ ಸಾಮಾನು. ಕತ್ತರಿ, ಇಕ್ಕಳ, ಕನ್ನಡಕ, ಪ್ಯಾಂಟು. ನಮ್ಮ ಕಣ್ಣಿಗೆ ಒಂದೇ, ಅವರು ಮಾತ್ರ ಅದರ ಎರಡು ಕಾಲು ನೋಡುತ್ತಾರೆ. ಹಾಗಾಗಿ ಒಂದಿದ್ದರೂ ಸಿಸರ್ಸ್, ಟಾಂಗ್ಸ್. ಒಂದು ಅಂತ ಹೇಳಲೇಬೇಕಾದರೆ ಒಂದು ಪೇರ್ ಅನ್ನಬೇಕು. ಮೂರನೇ ಖಾನೆ, ತೂಗಿ ಅಳೆದು ಕೊಡುವ ಸಾಮಾನು. ಹಿಟ್ಟು, ಅಕ್ಕಿ, ಎಣ್ಣೆ. ಅದಕ್ಕೆ ಬಾಲವಿಲ್ಲ. ಯಾರಾದರೂ ನಿನ್ನ ಹತ್ರ ಬಂದು ಹಿಟ್ಟುಗಳು ಕೊಡಿ ಅಂತಾರಾ ಎಂದು ಕೇಳಿದರು. ಅದು ನನಗೆ ಥಟ್ಟನೆ ಹೊಳೆಯಿತು. ಆದರೆ ಮೇಜು ಕುರ್ಚಿಗಳಿಗೆಲ್ಲ ಸೇರಿಸಿ ಹೇಳುವ ಫರ್ನಿಚರನ್ನೂ, ಬುದ್ಧಿಮಾತು ಅನ್ನುವ ಅಡ್ವೈಸನ್ನೂ ಆ ಖಾನೆಗೇ ತುಂಬಿದ್ದಾರೆ ಎಂದಾಗ ನಾನು ಒಪ್ಪಲಿಲ್ಲ. ಬುದ್ಧಿಮಾತನ್ನು ಯಾರು ತೂಗಿ ಕೊಡುತ್ತಾರೆ? ಸ್ಟೋರಣ್ಣ ಸ್ವಲ್ಪ ಯೋಚಿಸಿ, "ನಿಮ್ಮತ್ತೆ ಕೊಡ್ತಿದ್ರಲ್ಲ, ಎಣಿಸೋಕೆ ಆಗ್ತಿತ್ತಾ?" ಎಂದರು. ಒಪ್ಪಿಕೊಂಡೆ.

ನಾಲ್ಕನೇ ಖಾನೆ ಹಳೇ ಸಾಮಾನಿನದು. ಅಜ್ಜ ಮುತ್ತಜ್ಜನ ಕಾಲದಲ್ಲಿ ಬಂದದ್ದು, ಹೊಸ ಚೀಟಿ ಅಂಟುವುದಿಲ್ಲ. ಒಂದು ಹಲ್ಲು ಟೂತ್, ಹೆಚ್ಚಾದರೆ ಟೀತ್. ಇಲಿ ಮೌಸ್, ಇಲಿಗಳು ಮೈಸ್. ಚೈಲ್ಡ್ ಹೋಗಿ ಚಿಲ್ಡ್ರನ್ ಆದಾಗಲೇ ಮಕ್ಕಳು ಬಂದಾಯಿತು, ಅದಕ್ಕೆ ಮತ್ತೆ ಬಾಲ ಹಚ್ಚಬೇಕಾಗಿಲ್ಲ. ಆ ಮಾತನ್ನು ಅವರು ಹಲಗೆಯ ಮೇಲೆ ಬರೆದಾಗ ನಾನು ಅಂಗೈಯಿಂದ ಒರೆಸಿಬಿಟ್ಟೆ. ಅವರು ಸುಮ್ಮನೆ ಮತ್ತೆ ಬರೆದರು. ಮತ್ತೆ ಒರೆಸಿದೆ. ಮೂರನೇ ಸಲ ಬರೆದು, "ಈ ಮಾತು ಏನು ಮಾಡ್ತು ತಂಗಿ? ಸಿಟ್ಟನ್ನ ಮಾಡ್ದೋರ ಮೇಲೆ ಇಟ್ಕೋ" ಎಂದರು. ಇಟ್ಟುಕೊಂಡೆ.

ಹೀಗೆ ಒಂದು ತಿಂಗಳು ಕಲಿತೆ. ಓದಿನ ಆಸೆಯಿಂದ ಕಲಿತೆ ಎಂದು ಸುಳ್ಳು ಹೇಳುವುದಿಲ್ಲ. ಒಂದೊಂದು ಮಾತೂ ಸೆರಗಿಗೆ ಕಟ್ಟಿಕೊಂಡ ಒಂದೊಂದು ಕಲ್ಲು. ಕೊನೆಗೆ ಬೈಗುಳ ತಯಾರಾಯಿತು. ನಾನು ಕನ್ನಡದಲ್ಲಿ ಹೇಳಿದ್ದನ್ನು ಅವರು ಇಂಗ್ಲಿಷಿಗೆ ಮಾಡಿ ಬರೆದುಕೊಟ್ಟಿದ್ದರು. ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ ನಿಂತ ಬೀಸುಕಲ್ಲಿನ ಎದುರು ಬಾಯಿಪಾಠ ಒಪ್ಪಿಸಿದೆ. ಅವರು ಗಂಭೀರವಾಗಿ ತಿದ್ದಿದರು. ಹಲ್ಲಿಗೆ ಹುಳ ಬೀಳಲಿ ಅನ್ನುವಲ್ಲಿ ನಾನು ಟೀತ್ಸ್ ಅಂದೆ. ಹುಳ ಬಿದ್ರೂ ಟೀತೇ ಎಂದರು. ತಲೆಗೂದಲೆಲ್ಲ ಉದುರಲಿ ಅನ್ನುವಲ್ಲಿ ಹೇರ್ಸ್ ಅಂದೆ.

"ಹೇರ್ ಸಾಕು. ಎಣಿಸಿ ಎಣಿಸಿ ಉದುರಿಸ್ತೀಯಾ?"

ಹಾಗೆ ತಿದ್ದುತ್ತಿದ್ದವರು, ಏನೋ ನೆನಪಾದಂತೆ, ಅವರು ಬೇಡ ಅಂದಿದ್ದಕ್ಕೆ ಚೀಟಿಯಲ್ಲಿ ಕಾರಣ ಏನು ಬರೆದಿದ್ದರು ಎಂದು ಕೇಳಿದರು. ಯಾವ ಚೀಟಿ, ಮಗುವಿಗೆ ಪಾಸು ಹಾಕಿ, ನನ್ನ ಇಂಗ್ಲಿಷು ಕೇಳಿ ಬಾಯಲ್ಲೇ ಬೇಡ ಅಂದು ಕಳಿಸಿದರು ಎಂದೆ. ಸ್ಟೋರಣ್ಣ ಎದ್ದು ನಿಂತರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸಿಟ್ಟು ಬಂದದ್ದು ನನ್ನ ಮೇಲೆ.

"ರಿಜೆಕ್ಷನ್ ಸ್ಲಿಪ್ ಇಲ್ದೆ ಮಾಲು ವಾಪಸ್ ತಗೊಂಡು ಬಂದ್ಯಾ?"

ಆಮೇಲೆ ಕೂತು ವಿವರಿಸಿದರು. ಸ್ಟೋರಿಗೆ ಬಂದ ಪ್ರತಿ ಮಾಲನ್ನೂ ಪರೀಕ್ಷೆ ಮಾಡುತ್ತಾರೆ. ಬೇಡ ಅನ್ನಲು ಪರೀಕ್ಷೆ ಮಾಡಿದವನಿಗೆ ಹಕ್ಕಿದೆ. ಆದರೆ ಯಾವ ಮಾಲು, ಅದರಲ್ಲಿ ಕಂಡ ದೋಷ ಏನು ಎಂದು ಬರೆದು ಸಹಿ ಹಾಕಬೇಕು. ಅದೇ ರಿಜೆಕ್ಷನ್ ಸ್ಲಿಪ್ಪು. ಅದು ಕೈಗೆ ಬರುವ ತನಕ ಮಾಲು ತಂದವನು ಗೇಟು ಬಿಡುವುದಿಲ್ಲ. ಸ್ಲಿಪ್ಪಿಲ್ಲದೆ ಬಾಯಲ್ಲಿ ಬೇಡ ಅಂದದ್ದು ಬೇಡ ಅಂದ ಹಾಗಲ್ಲ, ಅದು ಇನ್ನೂ ಒಳಗಿನ ಮಾಲೇ. ಅಷ್ಟು ಹೇಳಿ ಡಬ್ಬಿ ಎತ್ತಿಕೊಂಡು ಹೊರಟವರು, ಬಾಗಿಲಲ್ಲಿ ಮತ್ತೆ ತಿರುಗಿದರು.

"ಮಗೂನ ಪರೀಕ್ಷೆ ಮಾಡಿ ಪಾಸು ಅಂದ್ರು. ಆಮೇಲೆ ನಿನ್ನ ಪರೀಕ್ಷೆ ಮಾಡಿ ಫೇಲ್ ಅಂದ್ರು. ಮಾಲು ಬಿಟ್ಟು ಲಾರಿ ಡ್ರೈವರನ್ನ ಇನ್‌ಸ್ಪೆಕ್ಷನ್ ಮಾಡೋ ಸ್ಟೋರು ಎಲ್ಲಾದ್ರೂ ಉಂಟಾ?"

ಮಾರನೇ ದಿನ ಬೆಳಿಗ್ಗೆಯೇ ಮಗುವನ್ನೂ ಕರೆದುಕೊಂಡು ಹೊರಟೆವು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಎಳೆದು, ಕಂಕುಳಲ್ಲಿ ಒಂದು ನೋಟ್‌ಬುಕ್ಕು ಇಟ್ಟುಕೊಂಡಿದ್ದರು. ರಾತ್ರಿ ಕೂತು ಅದರಲ್ಲಿ ಗೆರೆ ಎಳೆದು ಇಪ್ಪತ್ತು ಸ್ಲಿಪ್ಪು ಮಾಡಿದ್ದರಂತೆ. ಒಂದು ಸಾಲದಾ ಎಂದರೆ, ಒಂದಕ್ಕೆ ಯಾರು ಸ್ಕೇಲು ಹಿಡೀತಾರೆ ಎಂದರು. ಮಗುವಿನ ಹೆಸರು, ಅದರ ಮುಂದೆ ಪರೀಕ್ಷೆಯಲ್ಲಿ ಪಾಸು, ಅದರ ಕೆಳಗೆ ಬೇಡವೆಂದ ಕಾರಣಕ್ಕೆ ಖಾಲಿ ಜಾಗ, ಕೊನೆಗೆ ಸಹಿ. ಬಸ್ಸಿನಲ್ಲಿ ನನಗೆ ಎರಡೇ ವಾಕ್ಯ ಕಲಿಸಿದರು. ಕಾರಣ ಒಂದಾದರೆ ರೀಸನ್, ನೀನು ರೀಸನ್ಸ್ ಅಂತಲೇ ಕೇಳು, ಎಷ್ಟಿದ್ದರೂ ಬರೆಯಲಿ ಎಂದರು. ತಾನು ಮಾತ್ರ ಬಾಯಿ ಬಿಡುವುದಿಲ್ಲ, ಮಾಲು ನಿನ್ನದು, ಕೇಳುವವಳು ನೀನೇ ಎಂದೂ ಹೇಳಿದರು.

ಅವತ್ತು ಶಾಲೆಯ ವರಾಂಡದಲ್ಲಿ ಹತ್ತು ಹನ್ನೆರಡು ಜನ ತಂದೆ ತಾಯಂದಿರು ಕೂತಿದ್ದರು. ಎಲ್ಲರೂ ಒಮ್ಮೆ ಇಲ್ಲ ಅನ್ನಿಸಿಕೊಂಡು ಮತ್ತೆ ಬೇಡಲು ಬಂದವರು. ಮೇಡಂ ಕೋಣೆಯ ಬಾಗಿಲು ತೆರೆದೇ ಇತ್ತು. ನಾನು ಮಗುವಿನ ಕೈ ಹಿಡಿದು ಒಳಗೆ ಹೋಗಿ ಸ್ಲಿಪ್ಪನ್ನು ಮೇಜಿನ ಮೇಲಿಟ್ಟು, "ಪ್ಲೀಸ್ ರೈಟ್ ದ ರೀಸನ್ಸ್, ಮೇಡಂ. ವಿ ವಿಲ್ ವೇಟ್" ಎಂದೆ. ಹೊರಗೆ ಬಂದು ಬೆಂಚಿನ ಮೇಲೆ ಸ್ಟೋರಣ್ಣನ ಪಕ್ಕ ಕೂತೆ.

ಮೊದಲು ಗುಮಾಸ್ತ ಬಂದು ನಾಳೆ ಬನ್ನಿ ಎಂದ. ಕೂತೆವು. ಆಮೇಲೆ ಸೀಟು ಭರ್ತಿ ಎಂದ. ಅದನ್ನೇ ಬರೆದು ಸಹಿ ಹಾಕಿಸಿಕೊಂಡು ಬನ್ನಿ ಎಂದೆ. ಒಳಗೆ ಹೋದವನು ಹಾಗೇ ಖಾಲಿ ಕೈಯಲ್ಲಿ ಬಂದ. ಭರ್ತಿಯಾಗಿರಲಿಲ್ಲ ಎಂದು ವರಾಂಡದಲ್ಲಿದ್ದವರಿಗೆಲ್ಲ ಅರ್ಥವಾಯಿತು. ಆಗ ನಮ್ಮ ಎದುರು ಕೂತಿದ್ದ ಒಬ್ಬರು, ಟೈಲರ್ ಕೆಲಸದವರು, ಮೆಲ್ಲಗೆ ಬಂದು ಅದೇನು ಕಾಗದ ಎಂದು ಕೇಳಿದರು. ನಾನು ಹೇಳಿದೆ. ನನಗೂ ಒಂದು ಸಿಗುತ್ತಾ ಯಜಮಾನ್ರೇ ಎಂದು ಅವರು ಸ್ಟೋರಣ್ಣನನ್ನು ಕೇಳಿದರು. ಸ್ಟೋರಣ್ಣ ಪೆನ್ಸಿಲ್ಲನ್ನು ನಾಲಿಗೆಗೆ ಮುಟ್ಟಿಸಿ, ಮಗುವಿನ ಹೆಸರು ಹೇಳಿ ಎಂದರು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಸ್ಲಿಪ್ಪು ಒಳಗೆ ಹೋಗಿದ್ದವು, ಒಂದೂ ಹೊರಗೆ ಬಂದಿರಲಿಲ್ಲ. ಒಂಬತ್ತು ಮನೆಯವರು ಒಂದೇ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆವು. ಯಾರೂ ಗಲಾಟೆ ಮಾಡಲಿಲ್ಲ. ಬುತ್ತಿ ತಂದವರು ಹಂಚಿಕೊಂಡೆವು.

ಎರಡು ಗಂಟೆಗೆ ಮೇಡಂ ತಾವೇ ಎದ್ದು ಬಂದರು. ಅವತ್ತು ತಮಾಷೆಗೆ ಅಂದದ್ದು, ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದಿತ್ತು ಎಂದು ಶುರು ಮಾಡಿದರು. ನಾನು ಎದ್ದು ನಿಂತೆ.

"ಬಾಯಲ್ಲಿ ಬೇಡ ಮೇಡಂ. ಬರೀರಿ."

ಆ ಮುಖ ಕೆಂಪಾಗಿ, ಬಿಳುಪಾಗಿ, ಮತ್ತೆ ಕೆಂಪಾದದ್ದನ್ನು ನಾನು ಈಗಲೂ ಬೇಸರವಾದಾಗಲೆಲ್ಲ ನೆನೆಸಿಕೊಂಡು ಸುಖಪಡುತ್ತೇನೆ. ಏನೆಂದು ಬರೆಯುತ್ತಾರೆ? ಅಜ್ಜಿಗೆ ಇಂಗ್ಲಿಷು ಬರುವುದಿಲ್ಲವೆಂದು ಮಗು ಬೇಡ ಎಂದು ಬರೆದು ಸಹಿ ಹಾಕುವ ಧೈರ್ಯ ಯಾರಿಗಿದೆ? ಸಂಜೆ ನಾಲ್ಕಕ್ಕೆ ಗುಮಾಸ್ತ ನನ್ನ ಮೊಮ್ಮಗಳ ಹೆಸರು ಕೂಗಿ ಅಡ್ಮಿಷನ್ ಅರ್ಜಿ ಕೊಟ್ಟ. ಆ ವಾರದಲ್ಲಿ ಉಳಿದ ಎಂಟು ಮಕ್ಕಳಲ್ಲಿ ಆರು ಮಂದಿಗೆ ಸೀಟಾಯಿತು. ಇಬ್ಬರಿಗೆ ಮಾತ್ರ ವಯಸ್ಸು ಸಾಲದು ಎಂದು ನಿಜವಾಗಿಯೂ ಬರೆದು ಸಹಿ ಹಾಕಿ ಕೊಟ್ಟರು. ಸ್ಟೋರಣ್ಣ ಅದು ಸರಿ ಎಂದರು.

ನನ್ನ ಬೈಗುಳ ಗಂಟಲಲ್ಲೇ ಕೂತಿತ್ತು. ಅರ್ಜಿ ಕೈಗೆ ಬಂದ ಕೂಡಲೇ ಕೋಣೆಯ ಕಡೆ ಹೆಜ್ಜೆ ಹಾಕಿದೆ. ಸ್ಟೋರಣ್ಣ ಅಡ್ಡ ಬಂದರು. ಮಾಲು ಒಳಗೆ ಹೋದ ಮೇಲೆ ಗೇಟಲ್ಲಿ ಜಗಳ ಆಡಬಾರದು, ನಾಳೆಯಿಂದ ನಮ್ಮ ಮಗು ಅವರ ಕೈಯಲ್ಲಿರುತ್ತೆ ಎಂದರು. ಆ ಒಂದು ವಿಷಯಕ್ಕೆ ನಾನು ಅವರನ್ನು ಎಷ್ಟೋ ವರ್ಷ ಕ್ಷಮಿಸಿರಲಿಲ್ಲ. ಬಸ್ಸಿನಲ್ಲಿ ಮಗು ನನ್ನ ತೊಡೆಯ ಮೇಲೆ ಕೂತು, ಯಾರೂ ಕೇಳದೆಯೇ ಪದ್ಯ ಶುರು ಮಾಡಿ ಜನ್ನಾಪುರದ ತನಕ ಹೇಳಿತು. ಸ್ಟೋರಣ್ಣ ಅದರ ಎದುರು ಸೀಟಿನಲ್ಲಿ ಕೂತು ಅದು ಆಡಿಸಿದಂತೆ ತಾವೂ ಕೈ ಆಡಿಸುತ್ತಿದ್ದರು.

ಮುಂದೆ ರಜೆ ಬಂದರೆ ಮೊಮ್ಮಗಳು ಅವರ ಜಗಲಿಯ ಮೇಲೇ ಇರುತ್ತಿದ್ದಳು. ಅವಳ ಇಂಗ್ಲಿಷು ಬೇಗ ಅವರ ಖಾನೆಗಳನ್ನು ದಾಟಿ ಹೋಯಿತು. ಒಂದು ದಿನ, ಅಜ್ಜ, ಈ ಮಾತು ನಿಮ್ಮ ಯಾವ ಖಾನೆಗೂ ಸೇರಲ್ಲ ಎಂದು ಏನೋ ತೋರಿಸಿದಾಗ, ಅವರು ಹಿಗ್ಗಿ, ಐದನೇದು ನೀನೇ ಮಾಡು ಎಂದರಂತೆ. ಈ ವರ್ಷ ಅವಳ ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಅವರಿಗೆ ಜ್ವರ ಬಂತು. ಮೂರೇ ದಿನ ಇದ್ದರು. ನಾನು ಗಂಜಿ ತೆಗೆದುಕೊಂಡು ಹೋಗಿದ್ದೆ. ಪರೀಕ್ಷೆ ಮುಗಿಯೋ ತನಕ ಮಗೂಗೆ ಹೇಳ್ಬೇಡ ಎಂದರು. ಹೇಳಲಿಲ್ಲ. ಕೊನೆಯ ಪೇಪರು ಬರೆದು ಬಂದ ದಿನ ಹೇಳಿದೆ. ಅವಳು ಅವರ ಜಗಲಿಯ ಮೇಲೆ ಹೋಗಿ ಸಂಜೆಯವರೆಗೆ ಕೂತಿದ್ದಳು.

ಮೊನ್ನೆ ಶಾಲೆಯಲ್ಲಿ ಸನ್ಮಾನ ಇತ್ತು. ಅದೇ ಮೇಡಂ, ಈಗ ಕೂದಲು ಬೆಳ್ಳಗಾಗಿದೆ, ಶಾಲು ಹೊದಿಸಿ, ನಿಮ್ಮ ಮೊಮ್ಮಗಳು ನಮ್ಮ ಶಾಲೆಯ ಹೆಮ್ಮೆ ಅಜ್ಜಿ ಎಂದು ನನ್ನ ಕೈ ಹಿಡಿದುಕೊಂಡರು. ನನ್ನ ಗುರುತು ಅವರಿಗೆ ಒಂದಿಷ್ಟೂ ಇರಲಿಲ್ಲ. ಹತ್ತು ವರ್ಷ ನಾನು ದಿನಾ ನೆನೆಸಿಕೊಂಡ ಮುಖ ನನ್ನನ್ನು ಒಂದು ದಿನವೂ ನೆನೆಸಿಕೊಂಡಿಲ್ಲ. ಎರಡು ಮಾತಾಡಿ ಎಂದು ಅವರೇ ಮೈಕು ಕೊಟ್ಟರು.

ಮಾತಾಡಿದೆ. ಕನ್ನಡದಲ್ಲೇ, ಇದೇ ವರಾಂಡದಲ್ಲಿ ನಡೆದದ್ದನ್ನು, ಯಾರು ನಕ್ಕರು ಎನ್ನುವುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಒಂಬತ್ತು ಸ್ಲಿಪ್ಪಿನ ಆ ಮಧ್ಯಾಹ್ನಕ್ಕೆ ಬಂದಾಗ, ನನ್ನ ಕೈ ಹಿಡಿದಿದ್ದ ಮೇಡಂ ಕೈ ಮೆಲ್ಲಗೆ ಬಿಟ್ಟುಕೊಂಡಿತು. ಸ್ಟೋರಣ್ಣನ ಪೂರ್ತಿ ಹೆಸರು, ಅವರ ತಂದೆಯ ಹೆಸರು ಸಮೇತ, ಮೈಕಿನಲ್ಲಿ ಎರಡು ಸಲ ಹೇಳಿದೆ. ಅವರು ಈಗ ಇಲ್ಲ, ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು ಎಂದೆ. ಮಕ್ಕಳೆಲ್ಲ ಎದ್ದರು. ಟೀಚರುಗಳು ಎದ್ದರು. ಮೇಡಮ್ಮೂ ತಲೆ ತಗ್ಗಿಸಿ, ಕೈ ಕಟ್ಟಿಕೊಂಡು ನಿಂತರು. ಒಂದು ನಿಮಿಷ ಯಾವಾಗ ಮುಗಿಯಿತು ಎಂದು ಹೇಳಬೇಕಾದವಳು ನಾನೇ. ನನಗೆ ಯಾವ ಅವಸರವೂ ಇರಲಿಲ್ಲ.